ಓಣಿಯ ಕೂಟ, ಉತ್ತಂಗಿಯವರ ದಾರಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆ ಕ್ರೈಸ್ತರು ತೀರ ಕಡಿಮೆ. ಅವರ ವಿಶ್ವಾಸವನ್ನು ವಾರವಾರವೂ ಎತ್ತಿ ಹಿಡಿಯುವುದು ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂಡುವ ಪ್ರಾರ್ಥನಾ ಕೂಟ. ಅದು ಮನುಷ್ಯನಿಗೆ ಏನು ಕೊಡುತ್ತದೆ, ಏನನ್ನು ಬಿಡಿಸುತ್ತದೆ ಎಂದು ತೂಗಿ ನೋಡಲೇಬೇಕು. ಏಕೆಂದರೆ ಇಲ್ಲಿಗೆ ಬರುವವರು ಬರೀ ಸಮಾಧಾನಕ್ಕಲ್ಲ, ತಾವು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕಿಕೊಂಡೂ ಬರುತ್ತಾರೆ.

ಕೂಟದ ಜೀವ ಇರುವುದು ಸಾಕ್ಷಿಯಲ್ಲಿ. ಹಾಡು ಮುಗಿಯುತ್ತಲೇ ಹೆಣ್ಣುಮಗಳೊಬ್ಬಳು ತಲೆಯ ಮೇಲೆ ಸೆರಗು ಹೊದ್ದು ಎದ್ದು ನಿಲ್ಲುತ್ತಾಳೆ. ಪಕ್ಕದ ಮನೆಯ ಪವರ್‌ಲೂಮ್ ಸದ್ದಿನ ನಡುವೆಯೇ ಗಂಡನ ಕುಡಿತ, ಸಂಘದ ಸಾಲ, ಮಗಳ ಲಗ್ನ ಎಲ್ಲವನ್ನೂ ಹೇಳಿ "ಯೇಸಪ್ಪಾ, ನೀನೇ ದಿಕ್ಕು" ಎನ್ನುತ್ತಾಳೆ. ಆಮೇಲೆ ಉಳಿದವರು ಆಕೆಯ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಇಂಥವರ ಹೆಂಡತಿ, ಇಂಥ ಕೇರಿಯವಳು ಎಂದಷ್ಟೇ ಗುರುತಾಗಿದ್ದವಳನ್ನು ಹತ್ತು ಜನ ಕೂತು ಕೇಳುವುದು ಸಣ್ಣ ಮಾತಲ್ಲ. ಈ ಒಂದು ಕಾರಣಕ್ಕೇ ಕೂಟವನ್ನು ನಾನು ಮನಸಾರೆ ಗೌರವಿಸುತ್ತೇನೆ.

ಆದರೆ ಸಾಕ್ಷಿಗೂ ಒಂದು ಅಚ್ಚು ಬಿದ್ದುಬಿಟ್ಟಿದೆ. ಯೇಸುವನ್ನು ಅರಿಯುವ ಮೊದಲಿನದೆಲ್ಲ ಕತ್ತಲೆ, ಅರಿತ ಮೇಲಿನದೆಲ್ಲ ಬೆಳಕು. ಅವ್ವ ಹಾಡುತ್ತಿದ್ದ ತತ್ತ್ವಪದ, ಅಪ್ಪ ತಪ್ಪಿಸದೆ ಹೋಗುತ್ತಿದ್ದ ಭಜನಿ, ಮಠದ ದಾಸೋಹ ಎಲ್ಲವೂ ಕತ್ತಲೆಯ ಲೆಕ್ಕಕ್ಕೇ ಹೋಗುತ್ತವೆ. ಬೀಗರ ಮನೆಯ ಊಟಕ್ಕೂ ಹಿಂಜರಿಕೆ ಶುರುವಾಗುತ್ತದೆ. ಹೊಸ ಗುರುತಿಗಾಗಿ ಹಳೆಯದನ್ನೆಲ್ಲ ಕಿತ್ತೊಗೆಯಬೇಕು ಎಂಬ ಈ ಒತ್ತಾಯ ಯೇಸುವಿನದಲ್ಲ ಎಂದೇ ನನ್ನ ನಂಬಿಕೆ.

ಈ ತೊಡಕಿಗೆ ಹಳೆಯ ಬೇರಿದೆ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡಕ್ಕೆ ಬಂತು. ದೀಕ್ಷಾಸ್ನಾನ ಪಡೆದವರನ್ನು ಜಾತಿಯವರು ಹೊರಹಾಕುತ್ತಿದ್ದರು. ಕಸುಬೂ ಮನೆಯೂ ಒಟ್ಟಿಗೇ ಹೋಗುತ್ತಿದ್ದವು. ಹೀಗಾಗಿ ಮಿಷನ್ ಅವರಿಗೆ ನೆರಳನ್ನೂ ಕೆಲಸವನ್ನೂ ಕೊಡಬೇಕಾಯಿತು. ಅದು ಉಪಕಾರವೇ ಸರಿ. ಆದರೆ ಮಿಷನ್ ಕಂಪೌಂಡಿನೊಳಗೆ ಬೆಳೆದ ಮಕ್ಕಳಿಗೆ ಓಣಿ ದೂರವಾಯಿತು.

ಆ ದೂರವನ್ನು ಅದೇ ಮಿಷನ್ನಿನ ಒಬ್ಬ ಸಭಾಪಾಲಕರು ದಾಟಿದರು. ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ತಂದೆ ದಾನಿಯೇಲಪ್ಪ, ಮಗ ಚನ್ನಪ್ಪ. ಬೈಬಲ್ಲಿನ ಹೆಸರಿಗೂ ಊರಿನ ಹೆಸರಿಗೂ ಆ ಮನೆಯಲ್ಲಿ ಜಗಳವಿರಲಿಲ್ಲ. ಕ್ರಿಸ್ತನ ಸೇವೆ ಮಾಡುತ್ತಲೇ ಸರ್ವಜ್ಞನ ತ್ರಿಪದಿಗಳ ಬೆನ್ನು ಹತ್ತಿದರು, ಸುಮಾರು ಎರಡು ಸಾವಿರ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಅನುಭವ ಮಂಟಪ ಬರೀ ಕಟ್ಟುಕಥೆ ಎಂದವರಿಗೆ ಅದರ ಐತಿಹಾಸಿಕತೆಯನ್ನು ವಾದಿಸಿ ಪುಸ್ತಕವನ್ನೇ ಬರೆದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡ ನಾಡು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿತು. ಇಷ್ಟಾದರೂ ಅವರು ಕ್ರಿಸ್ತನನ್ನು ಬಿಡಲಿಲ್ಲ. ಶರಣರನ್ನು ಓದಿದ್ದರಿಂದ ಅವರ ವಿಶ್ವಾಸ ತೆಳುವಾಗಲಿಲ್ಲ, ಅದಕ್ಕೆ ನೆಲ ಸಿಕ್ಕಿತು. ಇಂದಿನ ಕೂಟಗಳನ್ನು ನಾನು ಅಳೆಯುವುದು ಇದೇ ಕೋಲಿನಿಂದ.

ಹಾಗೆ ಅಳೆದಾಗ ಒಂದು ಮೌನವೂ ಎದ್ದು ಕಾಣುತ್ತದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ; ಕರ್ನಾಟಕ ಅವರನ್ನು ಹಿಂದುಳಿದವರ ಪ್ರವರ್ಗ-1ರಲ್ಲಿ ಇಟ್ಟಿದೆ. ಮತ ಬದಲಾದರೂ ಕೇರಿ ಬದಲಾಗುವುದಿಲ್ಲ, ಕೇರಿಯ ಅವಮಾನವೂ ಬದಲಾಗುವುದಿಲ್ಲ. ಮಕ್ಕಳ ಓದು, ನೌಕರಿಗಾಗಿ ಸರ್ಟಿಫಿಕೇಟಿನಲ್ಲಿ ಒಂದು ಗುರುತು, ಭಾನುವಾರ ಇನ್ನೊಂದು ಗುರುತು ಹೊತ್ತು ಬದುಕುವವನ ಸಂಕಟ ಸುಳ್ಳುಗಾರನ ಸಂಕಟವಲ್ಲ. 2022ರ ಮತಾಂತರ ನಿಷೇಧ ಕಾಯ್ದೆ ಬಂದ ಮೇಲಂತೂ ಬಾಯಿ ಬಿಡಲು ಅಂಜಿಕೆ. ಕಾಯಿಲೆ, ಸಾಲಗಳಿಗೆ ಗಂಟೆಗಟ್ಟಲೆ ಪ್ರಾರ್ಥಿಸುವ ಕೂಟ ಈ ಸಂಕಟವನ್ನು ಮಾತ್ರ ಸಾಕ್ಷಿಯ ಹೊರಗೇ ನಿಲ್ಲಿಸುತ್ತದೆ. ಅನ್ಯೋನ್ಯತೆ ಎಂದರೆ ಒಬ್ಬರ ಹೊರೆ ಇನ್ನೊಬ್ಬರು ಹೊರುವುದಾದರೆ, ಅತಿ ಭಾರದ ಹೊರೆಯನ್ನೇ ಅವನೊಬ್ಬನ ತಲೆಗೆ ಬಿಟ್ಟಂತಾಯಿತು.

ಈ ಮೌನ ಮುರಿಯಲು ಧೈರ್ಯ ಬೇಕು, ಒಂದು ದಿನಕ್ಕೆ ಆಗುವ ಕೆಲಸವಲ್ಲ. ಸಾಕ್ಷಿಯ ಅಚ್ಚನ್ನು ಮಾತ್ರ ಬರುವ ವಾರವೇ ಒಡೆಯಬಹುದು. ದೇವರ ಹಸಿವು ಮೊದಲು ಹತ್ತಿದ್ದು ಅವ್ವನ ತತ್ತ್ವಪದ ಕೇಳಿಯೇ ಎಂದು ಆ ಹೆಣ್ಣುಮಗಳು ಎದ್ದು ನಿಂತು ಹೇಳಿದರೆ, ಸಭಾಪಾಲಕರು ಆಕೆಯನ್ನು ತಿದ್ದಬಾರದು.