ಕಂಬದ ಮನೆತನದ ಹೆಣ್ಣುಮಗಳು

ರೋಮ್ ನಗರದ ಹಳೆಯ ಶ್ರೀಮಂತ ಮನೆತನ ಕೊಲೊನ್ನಾ. ಆ ಹೆಸರಿಗೆ ಕಂಬ ಎಂದರ್ಥ. ಅವರ ಲಾಂಛನದಲ್ಲಿಯೂ ಕಂಬವೇ ಇದೆ. ಹೆಸರಾದ ಗಂಡಸರಿಗೆ ಅಲ್ಲಿ ಕೊರತೆಯಿಲ್ಲ. 1303ರಲ್ಲಿ ಪೋಪರನ್ನೇ ಸೆರೆಹಿಡಿದವರಲ್ಲಿ ಒಬ್ಬನಾದ ಶಾರ್ರಾ, 1417ರಲ್ಲಿ ತಾನೇ ಪೋಪನಾದ ಒಡ್ಡೋನೆ, 1571ರ ಲೆಪಾಂಟೊ ನೌಕಾಯುದ್ಧದಲ್ಲಿ ಪೋಪರ ಹಡಗುಗಳನ್ನು ನಡೆಸಿದ ಮಾರ್ಕಾಂಟೋನಿಯೊ. ಕವಿ ಪೆಟ್ರಾರ್ಕನಿಗೆ ಆಶ್ರಯ ಕೊಟ್ಟವನೂ ಈ ಮನೆಯ ಕಾರ್ಡಿನಲ್ ಜೊವಾನ್ನಿ. ಇಂಗ್ಲಿಷಿನ ದಾರಿಯಾಗಿ ಬಂದು ನಮ್ಮಲ್ಲಿ ಸುನೀತವಾದ ಹದಿನಾಲ್ಕು ಸಾಲಿನ ಪದ್ಯವನ್ನು ಯುರೋಪಿನಲ್ಲೆಲ್ಲ ಮೆರೆಸಿದವನು ಈ ಪೆಟ್ರಾರ್ಕ.

ಈ ಗಂಡಸರ ಸಾಲಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದವಳು ವಿಟ್ಟೋರಿಯಾ ಕೊಲೊನ್ನಾ. ಅವಳೂ ಸುನೀತ ಬರೆದವಳೇ. ಆದರೆ ಪರಿಚಯ ಮಾಡಿಕೊಡುವವರು ಮೊದಲು ಹೇಳುವುದು ಮೈಕೆಲೆಂಜೆಲೊನ ಗೆಳತಿ ಎಂದು, ಇಲ್ಲವೇ ಪೆಸ್ಕಾರಾದ ಮಾರ್ಕ್ವಿಸ್‌ನ ಹೆಂಡತಿ ಎಂದು. ಮೂವತ್ತು ವರ್ಷ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ತಂದೆಯ ಹೆಸರು ತುಂಬಿದ ನನಗೆ ಇದು ಹೊಸತೇನಲ್ಲ.

ಎಳವೆಯಲ್ಲೇ ನಿಶ್ಚಯವಾಗಿದ್ದ ಅವಳ ಮದುವೆ 1509ರಲ್ಲಿ ಇಸ್ಕಿಯಾ ದ್ವೀಪದಲ್ಲಿ ನಡೆಯಿತು. ಗಂಡ ಸೇನಾನಿ, ಮನೆಯಲ್ಲಿದ್ದದ್ದೇ ಕಡಿಮೆ. 1512ರಲ್ಲಿ ರವೆನ್ನಾ ಯುದ್ಧದಲ್ಲಿ ಗಂಡನೂ ತಂದೆಯೂ ಒಟ್ಟಿಗೆ ಸೆರೆಯಾದಾಗ ಅವಳು ಗಂಡನಿಗೊಂದು ಪದ್ಯದ ಓಲೆ ಬರೆದಳು. ಕೀರ್ತಿಯ ಹಿಂದೆ ಹೋಗುವವರು ನೀವು, ಭಯದಲ್ಲಿ ಬೇಯುವವರು ನಾವು ಎನ್ನುವುದೇ ಅದರ ಅಳಲು. ವಿಟ್ಟೋರಿಯಾ ಎಂದರೆ ಜಯ. ತನ್ನ ಹೆಸರಿನ ಮೇಲೆಯೇ ಶ್ಲೇಷೆ ಮಾಡಿ ಗಂಡನನ್ನು ಕುಟುಕುತ್ತಾಳೆ. ಎಷ್ಟು ಜೀವಂತ ಹೆಂಗಸು!

1525ರಲ್ಲಿ ಗಂಡ ತೀರಿಕೊಂಡ. ಆಮೇಲಿನ ಸುನೀತಗಳಲ್ಲಿ ಅವನೇ ಸೂರ್ಯ, ಅವಳಿಗೆ ಉಳಿದದ್ದು ಕತ್ತಲೆ. ಇಂಗ್ಲಿಷ್ ಅನುವಾದದಲ್ಲಿ ಒಂದರ ಹಿಂದೊಂದು ಓದುತ್ತ ಹೋದರೆ ಆ ಸೂರ್ಯ ಬೇಸರ ತರಿಸುತ್ತಾನೆ. ಜಗಳವಾಡಿದ ಆ ಹೆಂಡತಿ ಎಲ್ಲಿ ಹೋದಳು? ಇದು ನನ್ನ ತಕರಾರು.

ಆದರೆ ತಕರಾರು ಮಾಡುವಾಗ ನಾಲಿಗೆ ತಡೆಯುತ್ತದೆ. ನನ್ನ ಯಜಮಾನರು ತೀರಿಕೊಂಡಾಗ ನಾನೂ ಅದನ್ನೇ ಮಾಡಿದೆ. ಬಂದವರ ಮುಂದೆ ಅವರ ಒಳ್ಳೆಯತನವನ್ನಷ್ಟೇ ಹೇಳಿದೆ. ಅವರ ಮುಂಗೋಪ, ನಾವು ಮಾತು ಬಿಟ್ಟ ದಿನಗಳು ಬಾಯಿಗೆ ಬರಲಿಲ್ಲ. ವರ್ಷ ಕಳೆಯುವುದರೊಳಗೆ, ನಾನು ಹೊಗಳಿದ ಆ ಮನುಷ್ಯರ ಗುರುತು ನನಗೇ ಸಿಗದ ಹಾಗಾಯಿತು. ವಿಧವೆಯಿಂದ ಲೋಕ ಕೇಳುವುದು ಹೊಗಳಿಕೆಯನ್ನು, ಕೊಡುವುದು ಸುಲಭ.

ವಿಟ್ಟೋರಿಯಾ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಅವಳ ದೊಡ್ಡತನ. ಅವಳ ಕವಿತೆಗಳು 1538ರಲ್ಲಿ ಪಾರ್ಮಾದಲ್ಲಿ ಅವಳ ಒಪ್ಪಿಗೆಯಿಲ್ಲದೆಯೇ ಅಚ್ಚಾದವು. ಮುಂದಿನ ಭಕ್ತಿಯ ಸುನೀತಗಳಲ್ಲಿ ಬೇಡುವವಳು, ತನ್ನ ಕುರುಡನ್ನು ಒಪ್ಪಿಕೊಳ್ಳುವವಳು ಅವಳೇ. ಅಂಥವನ್ನೇ ಕೈಬರಹದ ಪುಸ್ತಕವಾಗಿಸಿ ಮೈಕೆಲೆಂಜೆಲೊನಿಗೆ ಕೊಟ್ಟಳು. ಅವನು ಅವಳಿಗಾಗಿ ಕ್ರಿಸ್ತನ ಚಿತ್ರಗಳನ್ನು ಬರೆದುಕೊಟ್ಟ.

1547ರಲ್ಲಿ ಅವಳು ಸತ್ತಾಗ ಹಣೆಗೆ ಮುತ್ತಿಡದೆ ಕೈಗಷ್ಟೇ ಇಟ್ಟೆನಲ್ಲ ಎಂದು ಅವನು ಕೊರಗಿದನೆಂದು ಅವನ ಶಿಷ್ಯ ಕೊಂಡೀವಿ ಬರೆದಿದ್ದಾನೆ. ಎಲ್ಲರೂ ಕಣ್ಣು ಒರೆಸಿಕೊಂಡು ಹೇಳುವ ಕತೆ ಇದು. ಆದರೆ ಇದೂ ಅವನ ದುಃಖದ ಕತೆಯೇ. ಅವಳನ್ನು ಕಾಣಬೇಕೆನ್ನುವವರು ಆ 1512ರ ಓಲೆಯಿಂದ ಶುರುಮಾಡಲಿ.