ದಾರಿ ಮುಗಿದ ಮೇಲಿನ ಗೆಳೆತನ: ‘ದೋಸ್ತಿ’ಯ ಮರುನೋಟ

ಸಾಂಖ್ಯರು ಪ್ರಕೃತಿ-ಪುರುಷರ ಸಂಬಂಧವನ್ನು ವಿವರಿಸಲು ‘ಅಂಧಪಂಗು ನ್ಯಾಯ’ವನ್ನು ಬಳಸಿದರು. ಕುರುಡನ ಹೆಗಲೇರಿದ ಕುಂಟ ದಾರಿ ತೋರುತ್ತಾನೆ, ಕುರುಡ ನಡೆಯುತ್ತಾನೆ. ಸೇರಬೇಕಾದ ಊರು ಸೇರಿದೊಡನೆ ಇಬ್ಬರೂ ಅಗಲುವರೆಂದು ಗೌಡಪಾದರ ಭಾಷ್ಯ ಹೇಳುತ್ತದೆ. ಅಲ್ಲಿರುವುದು ಉಪಯೋಗ, ಸ್ನೇಹವಲ್ಲ.

ಸತ್ಯೇನ್ ಬೋಸ್ ನಿರ್ದೇಶನದ, ರಾಜಶ್ರೀ ಸಂಸ್ಥೆಯ ಹಿಂದಿ ಚಿತ್ರ ‘ದೋಸ್ತಿ’ (1964) ಮೇಲ್ನೋಟಕ್ಕೆ ಇದೇ ನ್ಯಾಯದ ಕಥೆ. ಊರುಗೋಲು ಹಿಡಿದ ರಾಮು, ಕಣ್ಣಿಲ್ಲದ ಮೋಹನ. ಒಬ್ಬನದು ಮೌತ್ ಆರ್ಗನ್, ಇನ್ನೊಬ್ಬನದು ಕಂಠ. ಇಬ್ಬರೂ ಹದಿಹರೆಯದವರು, ನಗರದ ಬೀದಿಪಾಲಾದವರು. ಆದರೆ ರಾಮು ಮಾಸ್ತರರ ಮನೆ ಸೇರಿ ಸ್ನೇಹ ಕಡಿದ ಮೇಲೆ ಚಿತ್ರವು ಆ ನ್ಯಾಯವನ್ನು ದಾಟುತ್ತದೆ. ಮೋಹನನು ಹಂಬಲಿಸುವುದು ಕೈಹಿಡಿದು ನಡೆಸುವವನಿಗಾಗಿ ಅಲ್ಲ, ರಾಮುವಿಗಾಗಿ. ರಾಮುವಿನ ಪರೀಕ್ಷೆಯ ಶುಲ್ಕಕ್ಕೆಂದು ಅಸ್ವಸ್ಥನಾಗಿಯೂ ಅವನು ಬೀದಿಯಲ್ಲಿ ಹಾಡುತ್ತಾನೆ. ಅದರಿಂದ ಅವನಿಗೆ ಮರಳಿ ಬರುವುದೇನೂ ಇಲ್ಲ. ಚಿತ್ರದ ನಿಜವಾದ ಹಿರಿಮೆ ಇಲ್ಲಿದೆ ಎಂದು ನಾವು ಭಾವಿಸುತ್ತೇವೆ.

ಅದರ ಕೊರತೆಯೂ ಇದಕ್ಕೆ ಅಂಟಿಕೊಂಡೇ ಇದೆ. ಮಹಮ್ಮದ್ ರಫಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ತಂದ ಅಗಲಿಕೆಯ ಹಾಡನ್ನು ಚಿತ್ರ ನೋಡದವರು ಕೇಳಿದರೆ ಪ್ರಣಯಗೀತೆಯೆಂದೇ ತಿಳಿದಾರು. ಈ ಹುಡುಗರ ಎದೆಯಲ್ಲಿ ಅಷ್ಟು ಪ್ರೀತಿಯಿದೆಯೆಂದು ಚಿತ್ರ ಬಲ್ಲದು. ಆದರೆ ಅವರ ಬದುಕಿನೊಳಗೆ ಬರುವ ಮಂಜು ಕಾಯಿಲೆಯ ಪುಟ್ಟ ಬಾಲಕಿ. ತಂಗಿಯಾಗಿ ಬಂದು ತೀರಿಹೋಗುತ್ತಾಳೆ. ಅಂಗವಿಕಲ ಹರೆಯಕ್ಕೆ ಸ್ನೇಹವುಂಟು, ತ್ಯಾಗವುಂಟು. ಒಲವಿನ ಬಯಕೆ ಮಾತ್ರ ಇಲ್ಲ. ಪ್ರೇಕ್ಷಕನ ಕಣ್ಣೀರಿಗೆ ಈ ಇಲ್ಲದಿರುವಿಕೆ ಅನುಕೂಲವಾಗಿದೆ.

ಅರ್ಧ ಶತಮಾನದ ಬಳಿಕ ಶೋನಾಲಿ ಬೋಸ್ ಅವರ ‘ಮಾರ್ಗರೀಟಾ ವಿತ್ ಎ ಸ್ಟ್ರಾ’ (2014) ಆ ಬಾಗಿಲನ್ನು ತೆರೆಯಿತು. ಸೆರೆಬ್ರಲ್ ಪಾಲ್ಸಿಯುಳ್ಳ ಕಾಲೇಜು ಹುಡುಗಿ ಲೈಲಾಳಿಗೆ ಗಾಲಿಕುರ್ಚಿಯ ಧ್ರುವ ಆಪ್ತ ಗೆಳೆಯ. ಅವಳ ಮನಸ್ಸೋ ಬ್ಯಾಂಡಿನ ಹಾಡುಗಾರ ನೀಮಾನತ್ತ. ಧ್ರುವ ನೋಯುತ್ತಾನೆ, ಲೈಲಾಳೂ ತಿರಸ್ಕಾರ ಉಣ್ಣುತ್ತಾಳೆ. ಇಬ್ಬರೂ ಅಂಗವಿಕಲರು, ಆದ್ದರಿಂದ ಜೋಡಿ ಎಂಬ ಲೋಕದ ಸುಲಭ ಲೆಕ್ಕವನ್ನು ಚಿತ್ರ ಒಪ್ಪುವುದಿಲ್ಲ. ತಪ್ಪಾಗಿ ಪ್ರೀತಿಸುವ ಹಕ್ಕೂ ಅವಳಿಗಿದೆ. ಆದರೂ ಲೈಲಾಳ ಪಾತ್ರ ವಹಿಸಿದ ಕಲ್ಕಿ ಕೇಕ್ಲಾ ಆ ಸ್ಥಿತಿಯವರಲ್ಲ. ಅಂಗವಿಕಲರ ಕಥೆ ತೆರೆಗೆ ಬಂದಿತು, ಅವರು ಬರಲಿಲ್ಲ.

‘ದೋಸ್ತಿ’ಯಲ್ಲಿ ಬೀದಿಯಲ್ಲಿ ಹಾಡುವ ತಮ್ಮನನ್ನು ಅಕ್ಕ ಮೀನಾ ಗುರುತಿಸಿಯೂ ನಾಚಿಕೆಯಿಂದ ಮೌನ ತಾಳುತ್ತಾಳೆ. ಆ ಮೌನ ನಮಗೆ ಅಪರಿಚಿತವಲ್ಲ. ಇಂಥ ಮಕ್ಕಳಿಗೆ ಔಷಧಿ, ಶಾಲೆ, ಮಾಸಾಶನಗಳ ಏರ್ಪಾಡಾಯಿತೇ ಎಂದು ನಮ್ಮ ಮನೆಗಳಲ್ಲಿ ವಿಚಾರಿಸುತ್ತೇವೆ. ನಿನ್ನ ಗೆಳೆಯರು ಯಾರು, ಯಾರನ್ನು ಕಂಡರೆ ನಿನಗೆ ಇಷ್ಟ ಎಂದು ಹದಿನಾರರ ಮಗಳನ್ನು ಕೇಳಿದವರೆಷ್ಟು ಮಂದಿ? ಎರಡೂ ಚಿತ್ರಗಳನ್ನು ಆ ಮಕ್ಕಳೊಡನೆ ಕುಳಿತು ನೋಡಬೇಕೆಂಬುದು ನಮ್ಮ ವಿನಂತಿ.