ಪೊಟ್ಟಣದ ರವೆ ಇಡ್ಲಿ, ಮನೆಯ ಹುಳಿ ಮೊಸರು

ನೆಂಟರು ರವೆ ಇಡ್ಲಿ ತಿಂದು ‘ಚೆನ್ನಾಗಿದೆ’ ಎಂದಾಗ ಅನೇಕ ಮನೆಗಳಲ್ಲಿ ಮಾಡಿದವರ ದನಿ ಸಣ್ಣಗಾಗುತ್ತದೆ. ‘ಪ್ಯಾಕೆಟ್‌ದು, ಸುಮ್ನೆ ಮೊಸರಲ್ಲಿ ಕಲಸಿ ಇಟ್ಟೆ’ ಎನ್ನುತ್ತಾರೆ. ಬೇಳೆ ನೆನೆಹಾಕಲಿಲ್ಲ, ರುಬ್ಬಲಿಲ್ಲ, ಹಿಟ್ಟು ಉಬ್ಬಲೆಂದು ರಾತ್ರಿಯಿಡೀ ಕಾಯಲಿಲ್ಲ ಎಂಬ ಅಳುಕು ಅದು. ಅಕ್ಕಿ ಇಡ್ಲಿಯ ಮಟ್ಟಿಗೆ ಈ ಅಳುಕಿಗೆ ಅರ್ಥವಿದೆ. ರವೆ ಇಡ್ಲಿಗೆ ಅದು ಸಲ್ಲದು. ಹೋಟೆಲಿನಲ್ಲಾಗಲಿ ಮನೆಯಲ್ಲಾಗಲಿ ಈ ಇಡ್ಲಿಗೆ ರುಬ್ಬುವ ಕಲ್ಲಿನ ಹಂಗಿಲ್ಲ, ರಾತ್ರಿಯ ಕಾಯುವಿಕೆಯೂ ಇಲ್ಲ. ಅವಸರವೂ ಅಭಾವವೂ ಸೇರಿ ಹುಟ್ಟಿಸಿದ ತಿಂಡಿ ಇದು.

1942ರಲ್ಲಿ ಬರ್ಮಾ ಜಪಾನಿನ ಕೈವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ದಕ್ಷಿಣದ ಹೋಟೆಲುಗಳಿಗೆ ಇಡ್ಲಿಯ ಅಕ್ಕಿಯೇ ದುರ್ಲಭವಾಯಿತು. ಆ ಯುದ್ಧಕಾಲದಲ್ಲಿ ಅಕ್ಕಿಯ ಬದಲು ಗೋಧಿ ರವೆ ಹಾಕಿ ನೋಡಿದ್ದರಿಂದ ರವೆ ಇಡ್ಲಿ ಬಂತೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಹೇಳಿಕೊಂಡು ಬಂದಿದೆ. ಉಡುಪಿ ಸೀಮೆಯ ಕೋಟದ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಸಣ್ಣದಾಗಿ ಶುರುಮಾಡಿದ ಹೋಟೆಲು ಅದು. ಎಂಟಿಆರ್ ಎಂಬ ಹೆಸರು ಆಮೇಲಿನದು. 1975ರಿಂದ 77ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲು ತಿಂಡಿಗಳಿಗೆ ದರ ಕಟ್ಟಿತು. ಆ ದರಕ್ಕೆ ಆ ಗುಣಮಟ್ಟದ ತಿಂಡಿ ಕೊಡಲಾಗದೆ ಹೋಟೆಲು ಬಾಗಿಲು ಹಾಕಿ, ಮಸಾಲೆ ಪುಡಿಯನ್ನೂ ಬೆರೆಸಿದ ಒಣ ಹಿಟ್ಟನ್ನೂ ಪೊಟ್ಟಣ ಕಟ್ಟಿ ಮಾರಲು ತೊಡಗಿತು. ಆ ಪೊಟ್ಟಣದ ವ್ಯಾಪಾರ ಹೋಟೆಲಿನಿಂದ ಬೇರೆಯಾಗಿ ಬೆಳೆದು, 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು. ಅಕ್ಕಿ ಸಿಗದೆ ತಿಂಡಿ ಹುಟ್ಟಿತು, ದರ ಗಿಟ್ಟದೆ ಪೊಟ್ಟಣ ಹುಟ್ಟಿತು. ಹೀಗಿರುವಾಗ ಪೊಟ್ಟಣದ ರವೆ ಇಡ್ಲಿ ‘ಅಸಲಿ ಅಲ್ಲ’ ಎಂದು ಮೂಗು ಮುರಿಯುವುದರಲ್ಲಿ ಹುರುಳಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಪೊಟ್ಟಣ ಯಾವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ಯಾವುದನ್ನು ಮಾಡಲಾರದು?

ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ರವೆ, ಎಣ್ಣೆ ಅಥವಾ ವನಸ್ಪತಿ, ಉಪ್ಪು, ಕಡಲೆಬೇಳೆ, ಸಾಸಿವೆ, ಗೋಡಂಬಿ ಚೂರು, ಒಣಗಿದ ಕರಿಬೇವು, ಅಡುಗೆ ಸೋಡಾ. ಹಲವು ಪೊಟ್ಟಣಗಳಲ್ಲಿ ಸಿಟ್ರಿಕ್ ಆಮ್ಲ. ಇದರಲ್ಲಿ ರವೆ ಹುರಿಯುವ ಕೆಲಸವನ್ನು ಕಾರ್ಖಾನೆ ಮನೆಗಿಂತ ಚೆನ್ನಾಗಿಯೇ ಮಾಡುತ್ತದೆ. ರವೆ ಇಡ್ಲಿ ಅಂಟಂಟಾಗಲು ಹಸಿ ರವೆ ಬಹುಮಟ್ಟಿಗೆ ಕಾರಣ. ಗೋಧಿಯ ಅಂಟು ನೀರು ಸೋಕಿದೊಡನೆ ಎಳೆ ಬಿಡುತ್ತದೆ. ಹುರಿದಾಗ ಅದರ ಬಲ ಕುಗ್ಗಿ ಕಾಳು ಕಾಳಾಗಿ ನಿಲ್ಲುತ್ತದೆ. ಬಾಣಲೆಯಲ್ಲಿ ಹುರಿಯುವಾಗ ತಳದ ರವೆ ಕೆಂಪಗಾಗಿ ಮೇಲಿನದು ಹಸಿಯಾಗಿಯೇ ಉಳಿಯುವುದುಂಟು. ಪೊಟ್ಟಣದಲ್ಲಿ ಆ ತೊಂದರೆ ಇಲ್ಲ. ಸೋಡಾದ ಅಳತೆಗೂ ಮೆಚ್ಚುಗೆ ಸಲ್ಲಬೇಕು. ‘ಒಂದು ಚಿಟಿಕೆ’ ಎನ್ನುವುದು ಒಬ್ಬರ ಕೈಯಲ್ಲಿ ಸಾಸಿವೆಯಷ್ಟು, ಇನ್ನೊಬ್ಬರ ಕೈಯಲ್ಲಿ ಅರ್ಧ ಚಮಚ.

ಕೊರತೆ ಇರುವುದು ಎಲ್ಲವೂ ಒಂದೇ ಚೀಲದಲ್ಲಿ ಇರುವುದರಲ್ಲಿ.

ಮನೆಯಲ್ಲಿ ಮೊದಲಿನಿಂದ ಮಾಡುವವರು ಹುರಿದ ರವೆಯನ್ನು ಮೊಸರಿನಲ್ಲಿ ಕಲಸಿ ಇಪ್ಪತ್ತು ಮೂವತ್ತು ನಿಮಿಷ ಬಿಡುತ್ತಾರೆ. ರವೆ ನೀರು ಕುಡಿದು ದಪ್ಪಗಾದ ಮೇಲೆ, ತಟ್ಟೆಗೆ ಹೊಯ್ಯುವ ಮುನ್ನ ಸೋಡಾ ಹಾಕುತ್ತಾರೆ. ಈ ಕ್ರಮದ ಹಿಂದೆ ಗಟ್ಟಿ ಕಾರಣವಿದೆ. ಸೋಡಾಕ್ಕೆ ಹುಳಿ ತಗುಲಿದೊಡನೆ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಏಳುತ್ತವೆ. ಅವು ಯಾರಿಗೂ ಕಾಯುವುದಿಲ್ಲ. ಪೊಟ್ಟಣದಲ್ಲಿ ಸೋಡಾ ಮೊದಲೇ ಬೆರೆತಿರುವುದರಿಂದ ಮೊಸರು ಸುರಿದ ಕ್ಷಣದಿಂದಲೇ ಗಡಿಯಾರ ಓಡಲು ಶುರು. ರವೆ ನೆನೆಯಲೆಂದು ಕಾದರೆ ಗುಳ್ಳೆಗಳು ಹೋಗುತ್ತವೆ, ಇಡ್ಲಿ ಚಪ್ಪಟೆ. ಗುಳ್ಳೆ ಉಳಿಸಲೆಂದು ಅವಸರಿಸಿದರೆ ರವೆ ನೆನೆದಿರುವುದಿಲ್ಲ, ಇಡ್ಲಿ ಮೇಲೆ ಹಗುರ, ನಡುವೆ ಮರಳು ಮರಳು. ಐದು ನಿಮಿಷವೋ ಹತ್ತು ನಿಮಿಷವೋ ಬಿಡಿ ಎಂಬ ಸೂಚನೆ ಈ ಎರಡರ ನಡುವಿನ ರಾಜಿ. ತಿನ್ನಬಹುದಾದ ಇಡ್ಲಿಯನ್ನು ಅದು ಕೊಡುತ್ತದೆ. ಮತ್ತೊಂದು ಬೇಕು ಅನ್ನಿಸುವ ಇಡ್ಲಿಗೆ ಅಷ್ಟು ಸಾಲದು.

ಇದೇ ಗಂಟನ್ನು ಅಮೆರಿಕದ ಪ್ಯಾನ್‌ಕೇಕ್ ಮಿಕ್ಸ್ ಬೇರೆ ದಾರಿಯಲ್ಲಿ ಬಿಡಿಸಿಕೊಂಡಿದೆ. ಅಲ್ಲಿನ ಮಿಝೌರಿ ರಾಜ್ಯದ ಸೇಂಟ್ ಜೋಸೆಫ್ ಊರಿನಲ್ಲಿ ಕ್ರಿಸ್ ರಟ್ ಮತ್ತು ಚಾರ್ಲ್ಸ್ ಅಂಡರ್‌ವುಡ್ ಎಂಬ ಇಬ್ಬರು 1889ರಲ್ಲಿ ತಾನಾಗಿ ಉಬ್ಬುವ ಪ್ಯಾನ್‌ಕೇಕ್ ಹಿಟ್ಟನ್ನು ಚೀಲದಲ್ಲಿ ಮಾರಾಟಕ್ಕೆ ತಂದರು. ಇಂದಿನ ಮಿಕ್ಸ್‌ಗಳಲ್ಲಿ ತಣ್ಣಗಿರುವಾಗ ಹೆಚ್ಚುಕಡಿಮೆ ಸುಮ್ಮನಿದ್ದು ಬಿಸಿ ತಗುಲಿದ ಮೇಲೆ ಸೋಡಾದ ಜೊತೆ ಕೆಲಸ ಮಾಡುವ ಆಮ್ಲ ಲವಣಗಳೂ ಇರುತ್ತವೆ. ಆದ್ದರಿಂದ ಕಲಸಿದ ಹಿಟ್ಟು ಹತ್ತು ನಿಮಿಷ ಕೂತರೂ ಕಾವಲಿಯ ಮೇಲೆ ಮತ್ತೊಮ್ಮೆ ಉಬ್ಬುತ್ತದೆ. ಮೊಸರಿನ ಹುಳಿಯನ್ನೇ ನೆಚ್ಚಿದ ರವೆ ಇಡ್ಲಿಗೆ ಆ ಎರಡನೆಯ ಅವಕಾಶ ಇಲ್ಲ. ಆದರೂ ಪ್ಯಾನ್‌ಕೇಕ್ ಮಾಡುವವರಿಂದ ಕಲಿಯಬೇಕಾದ ಎರಡು ಸಂಗತಿಗಳಿವೆ. ಪೊಟ್ಟಣದ ಮೇಲೆ ನೀರು ಎಂದು ಬರೆದಲ್ಲೂ ಅವರು ಹುಳಿ ಮಜ್ಜಿಗೆ ಹಾಕುತ್ತಾರೆ. ಗಂಟು ಗಂಟಾಗಿದ್ದರೂ ಹಿಟ್ಟನ್ನು ಹೆಚ್ಚು ತಿರುವುವುದಿಲ್ಲ, ತಿರುವಿದಷ್ಟೂ ಗೋಧಿಯ ಅಂಟು ಬಿಗಿಯುತ್ತದೆ. ಎರಡೂ ರವೆ ಇಡ್ಲಿಗೆ ಹಾಗೆಯೇ ಹೊಂದುತ್ತವೆ.

ಗಂಟು ಬಿಡಿಸಲು ಮನೆಯಲ್ಲೇ ಒಂದು ಒಳ್ಳೆಯ ಉಪಾಯವಿದೆ. ಎರಡು ಲೋಟ ಮಿಕ್ಸ್‌ಗೆ ಅರ್ಧ ಲೋಟ ಬೇರೆ ರವೆ ತೆಗೆದುಕೊಳ್ಳಬೇಕು; ಉಪ್ಪಿಟ್ಟಿನ ರವೆ ಸಾಕು, ಚಿರೋಟಿ ರವೆ ಬೇಡ. ಅದನ್ನು ಒಂದು ಚಮಚ ತುಪ್ಪದಲ್ಲಿ ಘಮ ಬರುವಂತೆ ಹುರಿದು, ಆರಿಸಿ, ಹುಳಿ ಮೊಸರಿನಲ್ಲಿ ಅರ್ಧ ಗಂಟೆ ನೆನೆಸಬೇಕು. ಇಡ್ಲಿ ಪಾತ್ರೆಯ ನೀರು ಕುದಿಯುವ ಹೊತ್ತಿಗೆ ಪೊಟ್ಟಣದ ಮಿಕ್ಸನ್ನೂ ಉಳಿದ ಮೊಸರನ್ನೂ ಸೇರಿಸಿ, ಐದು ನಿಮಿಷ ಬಿಟ್ಟು, ತಟ್ಟೆಗೆ ಹೊಯ್ಯಬೇಕು. ನೆನೆದ ರವೆ ಮೆದುವನ್ನು ಕೊಡುತ್ತದೆ, ಪೊಟ್ಟಣದ ಸೋಡಾ ಉಬ್ಬನ್ನು ಕೊಡುತ್ತದೆ. ಪೊಟ್ಟಣದ ಉಪ್ಪು ಕೆಲವರಿಗೆ ಜಾಸ್ತಿ ಅನ್ನಿಸುವುದುಂಟು. ಈ ಹೆಚ್ಚುವರಿ ರವೆ ಅದನ್ನೂ ಹದಕ್ಕೆ ತರುತ್ತದೆ. ಹಿಟ್ಟು ಸೌಟಿನಿಂದ ಧಾರೆಯಾಗಿ ಸುರಿಯದೆ ಮುದ್ದೆ ಮುದ್ದೆಯಾಗಿ ಬೀಳಬೇಕು. ಗಟ್ಟಿಯಾದರೆ ನೀರಿಗಿಂತ ಮಜ್ಜಿಗೆ ವಾಸಿ.

ಮೊಸರಿನ ಮಾತನ್ನು ಇನ್ನಷ್ಟು ಒತ್ತಿ ಹೇಳಬೇಕು, ಏಕೆಂದರೆ ಪೊಟ್ಟಣದ ಇಡ್ಲಿ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಫ್ರಿಜ್‌ನಿಂದ ಆಗತಾನೆ ತೆಗೆದ ಸಿಹಿ ಮೊಸರಿನಲ್ಲಿ ಹುಳಿ ಕಡಿಮೆ. ಸೋಡಾ ಪೂರ್ತಿ ಕರಗಿ ಹೋಗುವಷ್ಟು ಆಮ್ಲ ಸಿಗದಿದ್ದರೆ ಉಳಿದ ಸೋಡಾ ಹಬೆಯ ಬಿಸಿಗೆ ಇನ್ನೂ ತೀಕ್ಷ್ಣವಾದ ಕ್ಷಾರವಾಗಿ ಬದಲಾಗುತ್ತದೆ. ನಾಲಿಗೆಗೆ ಸಾಬೂನು ಸೋಕಿದಂಥ ರುಚಿ, ಇಡ್ಲಿಗೆ ಹಳದಿ ಛಾಯೆ. ಹಿಟ್ಟಿಗೆ ಅರಿಶಿನ ಹಾಕುವ ಮನೆಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುವುದರಿಂದ, ಸೋಡಾ ಉಳಿದ ಕಡೆಗಳಲ್ಲಿ ಕೆಂಪು ಚುಕ್ಕೆ ಮೂಡುತ್ತದೆ. ಹಿಂದಿನ ರಾತ್ರಿಯೇ ಮೊಸರನ್ನು ಹೊರಗಿಟ್ಟರೆ ಬೆಳಿಗ್ಗೆಗೆ ಬೇಕಾದಷ್ಟು ಹುಳಿ ಬಂದಿರುತ್ತದೆ. ನಿಂಬೆರಸ ಹಿಂಡಿದರೆ ರಾಸಾಯನಿಕ ಲೆಕ್ಕ ಸರಿಹೋದೀತು. ಆದರೆ ಮೊಸರಿನ ಹುಳಿಯ ಜೊತೆ ಬರುವ ಹಾಲಿನ ಕೊಬ್ಬು ನಿಂಬೆಯಲ್ಲಿ ಇಲ್ಲ, ಅದು ಕೊಡುವ ತೇವವೂ ಇಲ್ಲ. ಹಾಲಿನಲ್ಲಿ ಕಲಸುವುದಂತೂ ಬೇಡವೇ ಬೇಡ.

ಪೊಟ್ಟಣ ಮಾಡಿದವರಿಗೂ ಈ ಮಾತು ಗೊತ್ತು. ಮೊಸರನ್ನು ಒಣಗಿಸಿ ಪುಡಿಯಾಗಿ ಸೇರಿಸಲು ಸಾಧ್ಯವಿದ್ದರೂ ಹೆಚ್ಚಿನವರು ಅದನ್ನು ಮನೆಯವರಿಗೇ ಬಿಟ್ಟಿದ್ದಾರೆ. ಕೇಕ್ ಮಿಕ್ಸ್‌ನ ಚರಿತ್ರೆಯಲ್ಲೂ ಹೀಗೊಂದು ತಿರುವು ಇದೆ. 1930ರ ದಶಕದಲ್ಲಿ ಪಿಟ್ಸ್‌ಬರ್ಗ್‌ನ ಡಫ್ ಕಂಪನಿ ಮೊದಲು ಒಣ ಮೊಟ್ಟೆಯ ಪುಡಿ ಸೇರಿಸಿದ ಮಿಕ್ಸ್ ತಂದಿತು. ಆಮೇಲೆ ಅದನ್ನು ತೆಗೆದು, ಮೊಟ್ಟೆಯನ್ನು ಮನೆಯವರೇ ಒಡೆದು ಹಾಕುವಂತೆ ಮಾಡಿತು. ಒಣಗಿಸಿದರೆ ಸೊಗಸು ಕಳೆದುಕೊಳ್ಳುವುದನ್ನು ಹೊರಗಿಡುವುದು ಜಾಣತನ. ರವೆ ಇಡ್ಲಿಯ ಮಿಕ್ಸ್ ಈ ಜಾಣತನವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು ಒಗ್ಗರಣೆಯನ್ನೂ ಹೊರಗಿಡಬೇಕಿತ್ತು ಎಂಬುದು ಈ ವಿಮರ್ಶೆಯ ಮುಖ್ಯ ತಕರಾರು.

ಒಗ್ಗರಣೆ ಬಾಳುವುದು ನಿಮಿಷಗಳ ಲೆಕ್ಕದಲ್ಲಿ. ಸಾಸಿವೆ ಸಿಡಿದು, ಕರಿಬೇವು ಚಟಚಟ ಎಂದು, ಇಂಗು ಅರಳಿದಾಗ ಏಳುವ ಘಮ ತಿಂಗಳುಗಟ್ಟಲೆ ಚೀಲದಲ್ಲಿ ಉಳಿಯುವಂಥದ್ದಲ್ಲ. ಪೊಟ್ಟಣದ ಕರಿಬೇವಿನಲ್ಲಿ ಉಳಿದಿರುವುದು ಬಣ್ಣ, ಅದೂ ಕಂದು ಬಣ್ಣ. ಎಣ್ಣೆ ಹಳೆಯದಾದಷ್ಟೂ ಕಮಟು ವಾಸನೆ ಇಣುಕುತ್ತದೆ. ಆದ್ದರಿಂದ ಪೊಟ್ಟಣದಲ್ಲಿ ಒಗ್ಗರಣೆ ಇದೆಯಲ್ಲ ಎಂದು ಸುಮ್ಮನಾಗಬಾರದು. ಎರಡು ಚಮಚ ತುಪ್ಪದಲ್ಲಿ ಸಾಸಿವೆ, ಉದ್ದಿನಬೇಳೆ, ಹೆಚ್ಚಿದ ಹಸಿಮೆಣಸಿನಕಾಯಿ, ತುರಿದ ಶುಂಠಿ, ಹಸಿ ಕರಿಬೇವು, ಚಿಟಿಕೆ ಇಂಗು. ಐದು ನಿಮಿಷದ ಕೆಲಸ. ಆರಿದ ಮೇಲೆ ಹಿಟ್ಟಿಗೆ ಸೇರಿಸಿ ಒಂದು ಹಿಡಿ ಕೊತ್ತಂಬರಿ ಸೊಪ್ಪು ಹಾಕಿದರೆ ಸಾಕು. ಗೋಡಂಬಿಯನ್ನು ತುಪ್ಪ ಸವರಿದ ತಟ್ಟೆಯ ಗುಳಿಯಲ್ಲಿ ಮೊದಲೇ ಇಟ್ಟು ಮೇಲೆ ಹಿಟ್ಟು ಹೊಯ್ದರೆ, ಮಗುಚಿದಾಗ ಇಡೀ ಬೇಳೆ ನೆತ್ತಿಯ ಮೇಲೆ ಕೂತಿರುತ್ತದೆ. ಕ್ಯಾರೆಟ್ ತುರಿ ಒಂದಿಷ್ಟು ಹಾಕಬಹುದು. ಬಟಾಣಿ, ಬೀನ್ಸು, ದೊಣ್ಣೆಮೆಣಸು, ಈರುಳ್ಳಿ ಎಲ್ಲವನ್ನೂ ತುಂಬುವವರಿದ್ದಾರೆ. ತರಕಾರಿ ಹಬೆಯಲ್ಲಿ ನೀರು ಬಿಡುತ್ತದೆ, ಅದರ ಸುತ್ತಲಿನ ಹಿಟ್ಟು ಬೇಯದೆ ಉಳಿಯುತ್ತದೆ. ತರಕಾರಿಗೆ ಸಾಗು ಇದೆ.

ಹಬೆಯ ವಿಚಾರ ಚಿಕ್ಕದು. ನೀರು ಕುದಿದು ಹಬೆ ತುಂಬಿದ ಮೇಲಷ್ಟೇ ತಟ್ಟೆ ಒಳಗೆ ಹೋಗಬೇಕು. ತಣ್ಣಗಿನ ಪಾತ್ರೆಯಲ್ಲಿಟ್ಟು ಒಲೆ ಹಚ್ಚಿದರೆ ಬಿಸಿ ಏರುವಷ್ಟರಲ್ಲಿ ಗುಳ್ಳೆಗಳು ಒಡೆದಿರುತ್ತವೆ. ಕುಕ್ಕರ್ ಆದರೆ ವೆಯ್ಟ್ ತೆಗೆದಿಡಬೇಕು. ಹನ್ನೆರಡು ನಿಮಿಷಕ್ಕೆ ಚೂರಿ ಚುಚ್ಚಿ ನೋಡಬಹುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ, ಮಂಗಳೂರಿನಲ್ಲಿ ಹತ್ತಿರಹತ್ತಿರ 100ಕ್ಕೆ. ಎರಡೂ ಊರಿಗೆ ಪೊಟ್ಟಣದ ಮೇಲೆ ಅಚ್ಚಾದ ಸಮಯ ಒಂದೇ ಆಗಿರುವುದರಿಂದ ಬೆಂಗಳೂರಿನವರು ಒಂದೆರಡು ನಿಮಿಷ ಹೆಚ್ಚು ಇಟ್ಟರೆ ತಪ್ಪಿಲ್ಲ. ಇಳಿಸಿದೊಡನೆ ಕೀಳಬಾರದು, ಮೂರು ನಿಮಿಷ ಆರಿದರೆ ಇಡ್ಲಿ ತಾನೇ ತಟ್ಟೆ ಬಿಡುತ್ತದೆ.

ರವೆ ಇಡ್ಲಿಗೆ ಇಷ್ಟು ಮಾತು ಮೀಸಲಿಟ್ಟು ದೋಸೆ ಮಿಕ್ಸನ್ನು ಬಿಟ್ಟಿದ್ದಕ್ಕೆ ಕಾರಣವಿದೆ. ದೋಸೆಯ ಹಿಟ್ಟಿನಲ್ಲಿ ರಾತ್ರಿಯಿಡೀ ಸೂಕ್ಷ್ಮಜೀವಿಗಳು ದುಡಿಯುತ್ತವೆ. ಗುಳ್ಳೆಯನ್ನೂ ಹುಳಿಯನ್ನೂ ಘಮವನ್ನೂ ಒಟ್ಟಿಗೆ ಕೊಡುತ್ತವೆ. ಪೊಟ್ಟಣದ ಸೋಡಾ ಗುಳ್ಳೆ ಕೊಟ್ಟೀತು, ಸಿಟ್ರಿಕ್ ಆಮ್ಲ ಹುಳಿ ಕೊಟ್ಟೀತು. ಹುದುಗಿನ ಆ ಘಮವನ್ನು ಎರಡೂ ಕೊಡಲಾರವು. ಎಷ್ಟು ತುಪ್ಪ ಸುರಿದರೂ, ಎಷ್ಟು ಹುಳಿ ಮಜ್ಜಿಗೆ ಬೆರೆಸಿದರೂ ದಿಢೀರ್ ದೋಸೆ ಒಂದು ಮಟ್ಟಕ್ಕಿಂತ ಮೇಲೇರುವುದಿಲ್ಲ. ಆ ಹಣಕ್ಕೆ ಬೀದಿ ಕೊನೆಯ ಅಂಗಡಿಯಲ್ಲಿ ಸಿಗುವ ರುಬ್ಬಿದ ಹಿಟ್ಟು ತರುವುದು ಮೇಲು. ರವೆ ಇಡ್ಲಿಯ ಮೂಲದಲ್ಲೇ ಹುದುಗು ಇಲ್ಲದಿರುವುದರಿಂದ ಪೊಟ್ಟಣ ಅದರಿಂದ ಕಿತ್ತುಕೊಂಡದ್ದು ಕಡಿಮೆ, ತಿದ್ದಿಕೊಳ್ಳಲು ಬಿಟ್ಟದ್ದು ಹೆಚ್ಚು.

ಹೊರದೇಶದ ಕನ್ನಡಿಗರ ಅಡುಗೆಮನೆಯಲ್ಲಿ ಈ ಪೊಟ್ಟಣಕ್ಕೆ ಇನ್ನೂ ಒಂದು ಕೈ ಹೆಚ್ಚು ಬೆಲೆ. ಅಲ್ಲಿ ಸಿಗುವ ಗ್ರೀಕ್ ಮೊಸರು ನೀರು ಬಸಿದದ್ದು, ತುಂಬಾ ಗಟ್ಟಿ; ಅದರಲ್ಲೇ ಕಲಸಿದರೆ ರವೆಗೆ ಕುಡಿಯಲು ನೀರು ಸಾಲದೆ ಇಡ್ಲಿ ಒಣಗುತ್ತದೆ. ಪ್ಯಾನ್‌ಕೇಕಿಗೆಂದು ಅಂಗಡಿಯಲ್ಲಿ ಮಾರುವ ಹೆಪ್ಪು ಹಾಕಿದ ಬಟರ್‌ಮಿಲ್ಕ್ ನಮ್ಮ ಕಡೆದ ಮಜ್ಜಿಗೆಯಲ್ಲದಿದ್ದರೂ ಹುಳಿಯಾಗಿರುತ್ತದೆ, ತೆಳುವಾಗಿಯೂ ಇರುತ್ತದೆ. ಗ್ರೀಕ್ ಮೊಸರನ್ನು ಅದರಲ್ಲಿ ಕಡೆದುಕೊಂಡರೆ ಬೇಕಾದ ಹದ ಸಿಗುತ್ತದೆ. ಬೇರೆ ರವೆ ಸಿಗದಿದ್ದರೆ ಅಲ್ಲಿನವರು ಗಂಜಿಗೆ ಬಳಸುವ ಕ್ರೀಮ್ ಆಫ್ ವೀಟ್ ಆಗುತ್ತದೆ. ಎಷ್ಟೋ ವರ್ಷಗಳಿಂದ ಅಲ್ಲಿನ ಭಾರತೀಯರ ಉಪ್ಪಿಟ್ಟು ಅದರಲ್ಲೇ ಆಗುತ್ತಿದೆ.

ಸಾಗರ ದಾಟಿ ಬಂದ ಪೊಟ್ಟಣ ಅಂಗಡಿಯಲ್ಲೂ ಕಪಾಟಿನಲ್ಲೂ ಎಷ್ಟು ದಿನ ಕೂತಿತ್ತೋ ಹೇಳಲಾಗದು. ತೇವ ತಗುಲಿದ ಸೋಡಾ ಚೀಲದೊಳಗೇ ಕೆಲಸ ಮುಗಿಸಿಬಿಟ್ಟಿರುತ್ತದೆ. ಅರ್ಧ ಬಳಸಿ ರಬ್ಬರ್ ಬ್ಯಾಂಡ್ ಹಾಕಿಟ್ಟ ಪೊಟ್ಟಣಕ್ಕೂ ಇದೇ ಮಾತು. ಹುಳಿ ಮೊಸರಿನ ಬಟ್ಟಲಿಗೆ ಒಂದು ಚಮಚ ಮಿಕ್ಸ್ ಹಾಕಿ ಒಂದು ನಿಮಿಷ ನೋಡಬೇಕು. ಸಣ್ಣ ಗುಳ್ಳೆಗಳು ಎದ್ದರೆ ಹಿಟ್ಟು ಕಲಸಬಹುದು. ಏಳದಿದ್ದರೆ, ಹೊಯ್ಯುವ ಮುನ್ನ ಹೊಸ ಸೋಡಾ ಒಂದು ಚಿಟಿಕೆಯನ್ನು ಒಂದು ಚಮಚ ನೀರಿನಲ್ಲಿ ಕರಗಿಸಿ ಸೇರಿಸಬೇಕು. ಒಂದೇ ದಿಕ್ಕಿನಲ್ಲಿ ಎರಡು ಸುತ್ತು ತಿರುವಿ ತಡಮಾಡದೆ ತಟ್ಟೆಗೆ ಹೊಯ್ದು ಹಬೆಗೆ ಇಡಬೇಕು.